ನೊಗದುದ್ದದ ನೋಟ

ಕತ್ತಿನಿಂದ ಹೊರಟ ತಲೆನೋವು ಕತ್ತಿನಲ್ಲೇ ಕಾಣಿಸಿಕೊಳ್ಳಬೇಕೆಂದಿಲ್ಲ. ಹೆಡತಲೆಯ ಬುಡದಲ್ಲಿ ಬಿಗಿತವಾಗಿ ಶುರುವಾಗಿ, ತಲೆಯ ಒಂದು ಬದಿಯನ್ನು ಹತ್ತಿ, ಕೊನೆಗೆ ಹಣೆಯಲ್ಲೋ ಕಣ್ಣಿನ ಹಿಂದೆಯೋ ಬಂದು ಕೂರುತ್ತದೆ. ಇದಕ್ಕೆ ಕಾರಣ ನರಗಳ ಜೋಡಣೆ. ಕತ್ತಿನಲ್ಲಿ ಏಳು ಮಣಿಮೂಳೆಗಳಿವೆ. ಅಲ್ಲಿನ ಮೇಲ್ತುದಿಯ ಮೂರು ಜೋಡಿ ನರಗಳೂ ಹಣೆ, ಕಣ್ಣು, ಮುಖದ ಸಂವೇದನೆಯನ್ನು ಹೊರುವ ನರವೂ ಮಿದುಳಿನ ಬುಡದ ಹತ್ತಿರ ಒಂದೇ ಕೇಂದ್ರಕ್ಕೆ ಬಂದು ಸೇರುತ್ತವೆ. ಎರಡು ಊರಿನ ಟಪಾಲು ಒಂದೇ ಚೀಲಕ್ಕೆ ಬಿದ್ದ ಹಾಗೆ, ಯಾವುದು ಎಲ್ಲಿಯದೆಂದು ಮಿದುಳಿಗೆ ಗುರುತು ಸಿಗುವುದಿಲ್ಲ. ರಾತ್ರಿ ಹನ್ನೊಂದರವರೆಗೆ ಮೊಬೈಲ್ ಹಿಡಿದು ಹಾಸಿಗೆಯ ಮೇಲೆ ಮುದುಡಿ ಕೂತ ಪಿಯುಸಿ ಹುಡುಗಿ ಬೆಳಗ್ಗೆ ಎದ್ದು ಹಣೆ ಹಿಡಿದುಕೊಳ್ಳುತ್ತಾಳೆ. ತಾಯಿ ಬಾಮ್ ತಿಕ್ಕುವುದೂ ಹಣೆಗೇ. ಬೇರು ಮಾತ್ರ ಹೆಡತಲೆಯಲ್ಲಿ ಉಳಿದಿರುತ್ತದೆ.

ವೇದನೆ ಒಂದು ಕಡೆ, ಅದರ ಹೇತು ಮತ್ತೊಂದು ಕಡೆ ಎಂಬುದು ಬೌದ್ಧ ಚಿಂತನೆಗೆ ಹೊಸದಲ್ಲ. ಯಾವುದೂ ತನ್ನಷ್ಟಕ್ಕೆ ತಾನೇ ಹುಟ್ಟುವುದಿಲ್ಲ, ಒಂದನ್ನು ಆಶ್ರಯಿಸಿ ಇನ್ನೊಂದು ಹುಟ್ಟುತ್ತದೆ ಎಂಬ ಪ್ರತೀತ್ಯಸಮುತ್ಪಾದದ ವಿಚಾರ ಆ ಧರ್ಮದ ತಳಹದಿ. ಹೀಗೆ ನೋಡಿದಾಗ ಹದಿಹರೆಯದವರ ಕತ್ತಿನ ವ್ಯಾಯಾಮವೆಂಬ ಸಣ್ಣ ವಿಷಯವೂ ಒಂದು ಪ್ರಶ್ನೆಯನ್ನು ಎತ್ತುತ್ತದೆ. ತಲೆ ಬಾಗುವುದು ಸಾವಿರಾರು ವರ್ಷಗಳಿಂದ ಪೂಜ್ಯ ಕ್ರಿಯೆ. ಈಗ ಅದೇ ಬಾಗುವಿಕೆ ಮಕ್ಕಳಲ್ಲಿ ರೋಗದ ಲಕ್ಷಣವಾಗಿ ಕಾಣುತ್ತಿದೆ. ಇವೆರಡರ ನಡುವಿನ ವ್ಯತ್ಯಾಸ ಎಲ್ಲಿದೆ? ಕತ್ತಿನ ಕೋನದಲ್ಲೋ, ಹೊತ್ತಿನಲ್ಲೋ, ಮನಸ್ಸಿನಲ್ಲೋ?

ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಲು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಇರಲಾರದು. ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ಆಗಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. 1960ರ ದಶಕದ ಮೊದಲಲ್ಲಿ ಬಂದವರು ಮರ ಕಡಿದು, ಆನೆ ಓಡಿಸಿ, ಮುಸುಕಿನ ಜೋಳ ಬೆಳೆದರು. 1963ರಲ್ಲಿ ಪೆನೋರ್ ರಿನ್‌ಪೋಚೆಯವರು ನಮ್‌ದ್ರೋಲಿಂಗ್ ಮಠವನ್ನು ಸ್ಥಾಪಿಸಿದರು. ಲಾಸಾದ ಹತ್ತಿರವಿದ್ದ ಸೆರಾ ಮಹಾವಿದ್ಯಾಲಯವೂ ಮುಂದೆ ಇಲ್ಲಿಯೇ ಮತ್ತೆ ತಲೆಯೆತ್ತಿತು. ಪ್ರವಾಸಿಗರು ಗೋಲ್ಡನ್ ಟೆಂಪಲ್ ಎಂದು ಕರೆಯುವ ನಮ್‌ದ್ರೋಲಿಂಗ್‌ನ ದೊಡ್ಡ ಗುಡಿ 1999ರಲ್ಲಿ ಪ್ರತಿಷ್ಠೆಗೊಂಡಿತು. ಒಳಗೆ ಪದ್ಮಸಂಭವ, ಬುದ್ಧ, ಅಮಿತಾಯು ಸಾಲಾಗಿ ಕುಳಿತಿದ್ದಾರೆ. ನಡುವಿನ ಬುದ್ಧನ ಎತ್ತರ ಸುಮಾರು 60 ಅಡಿ.

ಅಲ್ಲಿ ಒಂದು ಗಂಟೆ ಕತ್ತುಗಳನ್ನಷ್ಟೇ ಗಮನಿಸಿದರೂ ಪ್ರಶ್ನೆಯ ಅರ್ಧ ಬಿಡಿಸಿಕೊಳ್ಳುತ್ತದೆ. ಶಾಲೆಯ ಪ್ರವಾಸದಲ್ಲಿ ಬಂದ ಮಕ್ಕಳು ಬಾಗಿಲು ದಾಟುತ್ತಲೇ ಕತ್ತನ್ನು ಹಿಂದಕ್ಕೆ ಚೆಲ್ಲಿ ಬುದ್ಧನ ಮುಖ ಹುಡುಕುತ್ತಾರೆ. ಅಷ್ಟು ಮೇಲಕ್ಕೆ ಅವರ ಕತ್ತು ಎದ್ದು ಎಷ್ಟು ದಿನವಾಗಿತ್ತೋ! ಮರುಗಳಿಗೆಯಲ್ಲಿ ಫೋಟೊ, ಅದರ ಮರುಗಳಿಗೆಯಲ್ಲಿ ಫೋಟೊ ಹೇಗೆ ಬಂತೆಂದು ನೋಡಲು ತಲೆಗಳು ಒಟ್ಟಿಗೆ ಕೆಳಗೆ. ಬುದ್ಧ ಅಲ್ಲೇ ಇದ್ದಾನೆ, ನೋಡುವುದು ಅಂಗೈಯಲ್ಲಿರುವ ಬುದ್ಧನನ್ನು. ಬದಿಯಲ್ಲಿ ಒಬ್ಬ ಟಿಬೆಟಿ ಮುದುಕಿ ನಮಸ್ಕಾರಕ್ಕೆ ನಿಂತಿರುತ್ತಾಳೆ. ಜೋಡಿಸಿದ ಕೈ ನೆತ್ತಿಗೆ ಅಥವಾ ಹಣೆಗೆ, ಕಂಠಕ್ಕೆ, ಎದೆಗೆ ತಾಗುತ್ತದೆ. ಕಾಯ, ವಾಕ್ಕು, ಚಿತ್ತ ಮೂರರಿಂದಲೂ ವಂದಿಸಿದಂತೆ. ಆಮೇಲೆ ಎರಡು ಅಂಗೈ, ಎರಡು ಮೊಣಕಾಲು, ಹಣೆ ಹೀಗೆ ಐದು ಅಂಗ ನೆಲಕ್ಕೆ. ಆಮೇಲೆ ಎದ್ದು ನೆಟ್ಟಗೆ. ಮತ್ತೆ ಕೈ ನೆತ್ತಿಗೆ. ವಜ್ರಯಾನದ ಪೂರ್ವಸಾಧನೆಯಲ್ಲಿ ಉದ್ದಕ್ಕೆ ಮೈ ಚಾಚಿ ಮಾಡುವ ಇಂಥ ನಮಸ್ಕಾರ ಒಂದು ಲಕ್ಷ ಆಗಬೇಕು. ಒಂದು ಲಕ್ಷ ಸಲ ತಲೆ ನೆಲ ಮುಟ್ಟುತ್ತದೆ ಎಂದರೆ ಒಂದು ಲಕ್ಷ ಸಲ ಮೇಲೆ ಏಳುತ್ತದೆ ಎಂದೂ ಅರ್ಥ. ಲೆಕ್ಕದ ಈ ಎರಡನೆಯ ಅರ್ಧದ ಕಡೆ ಯಾರೂ ಗಮನ ಕೊಡುವುದಿಲ್ಲ.

ಮೊಬೈಲೇ ಈ ಕಾಲದ ದೇವರು, ಮಕ್ಕಳು ಹಗಲೂ ರಾತ್ರಿ ಅದಕ್ಕೇ ತಲೆಬಾಗುತ್ತಿದ್ದಾರೆ ಎಂಬ ಮಾತು ಭಾಷಣಗಳಲ್ಲಿ ಚೆನ್ನಾಗಿ ಓಡುತ್ತದೆ. ಪರೀಕ್ಷಿಸಿದರೆ ಅದು ನಿಲ್ಲುವುದಿಲ್ಲ. ನಮಸ್ಕಾರಕ್ಕೆ ಮೊದಲು ಶರಣು ಹೋಗುವುದು ಬರುತ್ತದೆ. ಯಾರಿಗೆ, ಯಾಕೆ ಬಾಗುತ್ತಿದ್ದೇನೆ ಎಂಬ ಅರಿವಿಲ್ಲದ ಬಾಗುವಿಕೆ ನಮಸ್ಕಾರವೇ ಅಲ್ಲ. ಬುದ್ಧ ಕರ್ಮ ಎಂದು ಕರೆದದ್ದೇ ಚೇತನೆಯನ್ನು, ಅಂದರೆ ಸಂಕಲ್ಪವನ್ನು. ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ಮೇಲೆ ಬಾಗಿದ ಹುಡುಗ ಯಾರಿಗೂ ಬಾಗಿಲ್ಲ. ಬಾಗಬೇಕೆಂದು ಅವನು ನಿಶ್ಚಯಿಸಿಯೂ ಇಲ್ಲ. ಕತ್ತು ಬಾಗಿದೆ ಎಂಬುದೇ ಅವನಿಗೆ ಗೊತ್ತಿಲ್ಲ, ನೋವು ಬಂದಾಗ ಗೊತ್ತಾಗುತ್ತದೆ. ಇಲ್ಲದ ಭಕ್ತಿಯನ್ನು ಅವನ ಮೇಲೆ ಹೊರಿಸಿ ಬೈದರೆ ಬೈಗುಳ ಗುರಿ ತಪ್ಪುತ್ತದೆ. ಅವನಲ್ಲಿ ಕೆಟ್ಟ ಶ್ರದ್ಧೆ ಬೆಳೆದಿದೆ ಎನ್ನುವುದಕ್ಕಿಂತ ಮೈಯ ಬಗೆಗಿನ ಎಚ್ಚರ ತಪ್ಪಿದೆ ಎನ್ನುವುದು ನಿಜಕ್ಕೆ ಹತ್ತಿರ.

ಈ ಎಚ್ಚರಕ್ಕೆ ಬೌದ್ಧ ಶಾಸ್ತ್ರದಲ್ಲಿ ಸಂಪ್ರಜನ್ಯ ಎಂದು ಹೆಸರು. ಗಮನ ಅಥವಾ ಮನಸಿಕಾರ ಬೇರೆ, ಸಂಪ್ರಜನ್ಯ ಬೇರೆ. ಅಭಿಧರ್ಮದ ಪ್ರಕಾರ ಮನಸಿಕಾರ ಎಲ್ಲ ಚಿತ್ತಗಳಲ್ಲೂ ಇದ್ದೇ ಇರುತ್ತದೆ. ರೀಲ್ಸ್ ನೋಡುವ ಹುಡುಗನಲ್ಲಿ ಅದಕ್ಕೇನೂ ಕೊರತೆಯಿಲ್ಲ, ಬೇಕಾದರೆ ಹೆಚ್ಚೇ ಇದೆ. ತಾನು ಏನು ಮಾಡುತ್ತಿದ್ದೇನೆ, ಮೈ ಯಾವ ಸ್ಥಿತಿಯಲ್ಲಿದೆ, ಮನಸ್ಸು ಎತ್ತ ಹೊರಟಿದೆ ಎಂದು ಆಗಾಗ ತಿರುಗಿ ನೋಡಿಕೊಳ್ಳುವ ಗುಣ ಸಂಪ್ರಜನ್ಯ. ಮಕ್ಕಳಿಗೆ ಏಕಾಗ್ರತೆಯೇ ಇಲ್ಲ ಎಂಬ ದೂರು ಹಾಗಾಗಿ ಅರ್ಧ ಸತ್ಯ. ಸತಿಪಟ್ಠಾನ ಸುತ್ತದಲ್ಲಿ ಈ ಗುಣದ ಅಭ್ಯಾಸಕ್ಕೆ ಕೊಟ್ಟಿರುವ ಸಂದರ್ಭಗಳೆಲ್ಲ ಮೈಗೆ ಸಂಬಂಧಿಸಿದವು. ಮುಂದೆ ಹೋಗುವಾಗ, ಹಿಂದೆ ಬರುವಾಗ, ನೇರ ನೋಡುವಾಗ, ಪಕ್ಕಕ್ಕೆ ನೋಡುವಾಗ, ಅಂಗಗಳನ್ನು ಮಡಚುವಾಗ, ಚಾಚುವಾಗ ತಿಳಿದು ಮಾಡಬೇಕು ಎಂದು ಅಲ್ಲಿ ಹೇಳಿದೆ. ಕತ್ತಿನ ವ್ಯಾಯಾಮಕ್ಕೆ ಶಾಸ್ತ್ರದ ಆಧಾರ ಬೇಕೆನ್ನುವವರಿಗೆ ಇಷ್ಟು ಸಾಕು.

ಇನ್ನೂ ಹತ್ತಿರದ ಮಾತು ಶಾಂತಿದೇವನಲ್ಲಿದೆ. ಎಂಟನೆಯ ಶತಮಾನದಲ್ಲಿ ನಾಲಂದದಲ್ಲಿದ್ದ ಈ ಭಿಕ್ಷುವಿನ 'ಬೋಧಿಚರ್ಯಾವತಾರ' ಟಿಬೆಟಿ ಮಠಗಳಲ್ಲಿ ಇಂದಿಗೂ ಪಾಠವಾಗುವ ಗ್ರಂಥ. ಅದರ ಐದನೆಯ ಅಧ್ಯಾಯ ಪೂರ್ತಿ ಸಂಪ್ರಜನ್ಯವನ್ನು ಕಾಯುವ ಬಗ್ಗೆ. ಕಾರಣವಿಲ್ಲದೆ ಕಣ್ಣನ್ನು ಅತ್ತಿತ್ತ ಹರಿಯಬಿಡಬಾರದು, ಧ್ಯಾನದಲ್ಲಿದ್ದವನ ಹಾಗೆ ದೃಷ್ಟಿ ಕೆಳಗಿರಬೇಕು ಎಂದು ಅಲ್ಲಿ ಮೊದಲು ಬರುತ್ತದೆ. ಮೇಲ್ನೋಟಕ್ಕೆ ಇದು ಮೊಬೈಲ್ ನೋಡುವವನ ಚಿತ್ರವೇ. ಆದರೆ ಅದರ ಬೆನ್ನಿಗೇ ಬೇರೆ ಮಾತು ಬರುತ್ತದೆ: ದೃಷ್ಟಿಗೆ ವಿಶ್ರಾಂತಿ ಬೇಕಾದಾಗ ದಿಕ್ಕುಗಳ ಕಡೆ ನೋಡಬೇಕು, ಆಗ ಯಾರಾದರೂ ಕಣ್ಣಿಗೆ ಬಿದ್ದರೆ ಮುಖ ನೋಡಿ ಸ್ವಾಗತ ಹೇಳಬೇಕು, ದಾರಿಯಲ್ಲಿ ಅಪಾಯವಿದೆಯೇ ಎಂದು ನಾಲ್ಕೂ ಕಡೆ ಮತ್ತೆ ಮತ್ತೆ ನೋಡಬೇಕು, ನಿಂತು ದಣಿವಾರಿಸಿಕೊಳ್ಳುವಾಗ ಹಿಂದಕ್ಕೂ ತಿರುಗಿ ನೋಡಬೇಕು. ಕಣ್ಣಿಗೆ ಬಿಡುವು, ದೂರದ ನೋಟ, ಕತ್ತಿನ ಎಡಬಲ ತಿರುವು ಈ ಮೂರೂ ಇಲ್ಲಿವೆ. ಫಿಸಿಯೋಥೆರಪಿಯವರೂ ಕಣ್ಣಿನ ವೈದ್ಯರೂ ಈಗ ಹೇಳುವುದಕ್ಕಿಂತ ಹೆಚ್ಚಿನದು ಎಂದರೆ ಆ ಸ್ವಾಗತ. ತಲೆಯೆತ್ತಿದವನ ಎದುರಿಗೆ ಇನ್ನೊಬ್ಬ ಮನುಷ್ಯ ಇರಬಹುದು ಎಂಬ ನೆನಪು ವೈದ್ಯರ ಚೀಟಿಯಲ್ಲಿ ಇರುವುದಿಲ್ಲ.

ದೃಷ್ಟಿ ಕೆಳಗೆ ಎಂದರೆ ಎಷ್ಟು ಕೆಳಗೆ ಎಂಬುದಕ್ಕೂ ಅಳತೆಯಿದೆ. ಭಿಕ್ಷೆಗೆ ಹೊರಟ ಬೌದ್ಧ ಭಿಕ್ಷು ಒಂದು ನೊಗದಷ್ಟು ದೂರ ಮುಂದೆ ನೋಡಿ ನಡೆಯಬೇಕು. ಜೈನ ಮುನಿಗಳ ಈರ್ಯಾಸಮಿತಿಯ ಅಳತೆಯೂ ಅದೇ ನೊಗ, ಸುಮಾರು ನಾಲ್ಕು ಮೊಳ. ಕಾಲಡಿ ಹುಳ ಹುಪ್ಪಟೆ ಸಾಯದಿರಲಿ ಎಂಬುದು ಅದರ ಉದ್ದೇಶ. ಹುಣಸೂರು ಪಿರಿಯಾಪಟ್ಟಣದ ಕಡೆ ಆರು ಹೂಡಿದವರಿಗೆ ನೊಗದುದ್ದ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ದೂರ ನೋಡಲು ಕಣ್ಣುಗುಡ್ಡೆ ಕೆಳಗಿಳಿದರೆ ಬಹುಪಾಲು ಕೆಲಸ ಮುಗಿಯಿತು, ಕತ್ತು ಅಲ್ಪ ಬಾಗಿದರೆ ಸಾಕು. ಮೊಬೈಲ್ ಇರುವುದು ಒಂದೂವರೆ ಗೇಣು ದೂರದಲ್ಲಿ, ಅದೂ ಹೆಚ್ಚಾಗಿ ಎದೆಯ ಕೆಳಗೆ, ಮಡಿಲಲ್ಲಿ. ಅಲ್ಲಿಗೆ ಕಣ್ಣಿನ ಇಳಿತ ಮಾತ್ರ ಸಾಲದು, ಇಡೀ ತಲೆಯೇ ಮುಂದಕ್ಕೆ ಜೋತುಬೀಳಬೇಕು. ದೃಷ್ಟಿ ತಗ್ಗಿಸುವುದಕ್ಕೂ ತಲೆ ಜೋಲುಬಿಡುವುದಕ್ಕೂ ಇರುವ ಅಂತರ ನೊಗಕ್ಕೂ ಗೇಣಿಗೂ ಇರುವ ಅಂತರ.

ತಲೆಯ ತೂಕ ಸುಮಾರು ಐದು ಕಿಲೋ. ನೆಟ್ಟಗಿದ್ದಾಗ ಅದನ್ನು ಮೂಳೆಗಳು ಹೊರುತ್ತವೆ, ಮುಂದಕ್ಕೆ ಬಾಗಿದಾಗ ಹಿಂಬದಿಯ ಸ್ನಾಯುಗಳು ಹಗ್ಗದ ಹಾಗೆ ಎಳೆದು ಹಿಡಿಯಬೇಕು. ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸರಾಜ್ 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 60 ಡಿಗ್ರಿ ಬಾಗಿದ ಕತ್ತಿನ ಮೇಲೆ ಬೀಳುವ ಹೊರೆ ಸುಮಾರು 27 ಕಿಲೋ. ಈ ಅಂಕಿ ಲೋಕವೆಲ್ಲ ಸುತ್ತಿತು. ಅದು ಮಾದರಿಯೊಂದರ ಲೆಕ್ಕಾಚಾರ, ಮಕ್ಕಳ ಕತ್ತಿನ ಮೇಲೆ ಅಳೆದದ್ದಲ್ಲ ಎಂಬ ಮಾತು ಅಷ್ಟು ದೂರ ಸುತ್ತಲಿಲ್ಲ. ಹೊರೆಯೇ ಕೇಡೆನ್ನುವುದಾದರೆ ಸಿಂಬಿಯ ಮೇಲೆ ತುಂಬಿದ ಕೊಡ ಇಟ್ಟು ಕೆರೆಯಿಂದ ಬರುತ್ತಿದ್ದ ಹೆಂಗಸರು ಏನೆನ್ನಬೇಕು? ಅವರ ಕತ್ತು ಹೊತ್ತದ್ದೂ ಹತ್ತು ಹದಿನೈದು ಕಿಲೋ. ಹೊರೆ ಬೆನ್ನೆಲುಬಿನ ನೇರಕ್ಕೆ ಇಳಿಯುತ್ತಿತ್ತು, ಮನೆ ಬಂದ ಕೂಡಲೇ ಕೊಡವೂ ಇಳಿಯುತ್ತಿತ್ತು.

ಬಾಗಿದ ಭಂಗಿಯನ್ನೇ ಅಪರಾಧಿಯೆನ್ನಲು ಪುರಾವೆಯೂ ಗಟ್ಟಿಯಾಗಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ 17 ವರ್ಷದ 1,108 ಹುಡುಗ ಹುಡುಗಿಯರು ಕೂರುವಾಗಿನ ಕತ್ತಿನ ಭಂಗಿಯನ್ನು ಅಳೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ತಲೆ ಮುಂದಕ್ಕೆ ಚಾಚಿ ಕುಗ್ಗಿ ಕೂರುವವರಲ್ಲಿ ಕತ್ತುನೋವಾಗಲಿ ತಲೆನೋವಾಗಲಿ ಉಳಿದವರಿಗಿಂತ ಹೆಚ್ಚಾಗಿ ಕಾಣಲಿಲ್ಲ. ಆ ಭಂಗಿಗೆ ನಂಟು ಕಂಡದ್ದು ಖಿನ್ನತೆಯೊಂದಿಗೆ. ಕುಗ್ಗಿದ ಮನಸ್ಸಿಗೂ ಕುಗ್ಗಿದ ಎದೆಗೂ ಸಂಬಂಧವಿದೆ ಎಂದು ಹೇಳಲು ಕನ್ನಡಕ್ಕೆ ಅಧ್ಯಯನ ಬೇಕಿರಲಿಲ್ಲ. ತಲೆ ಎತ್ತಿ ನಡೆ, ತಲೆ ತಗ್ಗಿಸುವಂತೆ ಮಾಡಬೇಡ ಎಂಬ ಮಾತುಗಳು ಮನೆಮನೆಯಲ್ಲಿವೆ. ಇಷ್ಟರಿಂದ ಮೊಬೈಲ್ ನಿರಪರಾಧಿ ಆಗುವುದಿಲ್ಲ. ಒಂದೇ ಭಂಗಿಯಲ್ಲಿ ಅಲ್ಲಾಡದೆ ಗಂಟೆಗಟ್ಟಲೆ ಇರುವುದು, ನಿದ್ದೆ ಕೆಡುವುದು, ಊಟ ತಪ್ಪುವುದು, ಆಟ ನಿಲ್ಲುವುದು ಎಲ್ಲವೂ ಅದರ ಹಿಂದೆಯೇ ಬರುತ್ತವೆ. ತಲೆನೋವಿಗೆ ಇವುಗಳಲ್ಲಿ ಒಂದೊಂದೂ ಸಾಕು.

ಹಾಗಾದರೆ ದೋಷ ಬಾಗುವುದರಲ್ಲಿಲ್ಲ, ಬಾಗಿದ್ದು ಮುಗಿಯದಿರುವುದರಲ್ಲಿದೆ. ಬೈಲಕುಪ್ಪೆಯ ಮಠಗಳಲ್ಲಿ ಎಳೆಯ ಭಿಕ್ಷುಗಳು ಪೆಚಾ ಎನ್ನುವ ಬಿಡಿಹಾಳೆಯ ಉದ್ದನೆಯ ಗ್ರಂಥಗಳನ್ನು ತಗ್ಗು ಮಣೆಯ ಮೇಲಿಟ್ಟು ಬಾಗಿ ಓದುತ್ತಾರೆ. ಓದುವಾಗ ಮೈ ಹಿಂದೆ ಮುಂದೆ ತೂಗುತ್ತಿರುತ್ತದೆ. ಹಾಳೆ ಮುಗಿದರೆ ಎತ್ತಿ ಮಗುಚಬೇಕು. ಸೆರಾದ ಅಂಗಳದಲ್ಲಿ ತರ್ಕದ ಹೊತ್ತು ಬಂತೆಂದರೆ ಪ್ರಶ್ನೆ ಕೇಳುವವನು ಎದ್ದು ನಿಂತು, ಕೈ ಹಿಂದಕ್ಕೆ ಬೀಸಿ, ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಚಪ್ಪಾಳೆ ಹೊಡೆದು ಎದುರಾಳಿಯ ಕಣ್ಣಲ್ಲಿ ಕಣ್ಣಿಟ್ಟು ಕೇಳಬೇಕು. ಬೆಳಗಿನ ಬಾಗುವಿಕೆಯ ಸಾಲ ಅಲ್ಲಿ ತೀರುತ್ತದೆ. ಸುತ್ತಲಿನ ಊರುಗಳಲ್ಲಿ ಹೊಗೆಸೊಪ್ಪಿನ ಕಾಲಕ್ಕೆ ಕಡ್ಡಿಗೆ ಸೊಪ್ಪು ಕಟ್ಟುವ ಹೆಂಗಸರು ಗಂಟೆಗಟ್ಟಲೆ ಬಾಗಿಯೇ ಇರುತ್ತಾರೆ, ಅವರಿಗೂ ಕತ್ತುನೋವು ತಪ್ಪಿದ್ದಲ್ಲ. ಆದರೂ ಒಂದು ಕಡ್ಡಿ ತುಂಬಿದರೆ ಎತ್ತಿ ಕೊಡಬೇಕು, ಕತ್ತು ಏಳುತ್ತದೆ. ಜಪಮಾಲೆಗೆ 108 ಮಣಿ, ಆಮೇಲೆ ಮೇರುಮಣಿ. ಭಾರತದ ಜಪದ ರೂಢಿಯಲ್ಲಿ ಮೇರುವನ್ನು ದಾಟುವಂತಿಲ್ಲ, ಬೆರಳು ಅಲ್ಲಿಗೆ ಬಂದು ನಿಂತು ಹಿಂದಿರುಗಬೇಕು.

ಮೊಬೈಲಿನ ಮೇಲೂ ಓಡುವುದು ಹೆಬ್ಬೆರಳೇ. ಅಲ್ಲಿ ಮೇರುಮಣಿಯನ್ನು ಬೇಕೆಂದೇ ತೆಗೆದುಹಾಕಲಾಗಿದೆ. ಪುಟದ ಕೊನೆ ಬಂದಾಗ ಮುಂದಿನ ಪುಟ ಒತ್ತಬೇಕಾದ ಕಾಲವೊಂದಿತ್ತು. 2006ರಲ್ಲಿ ಅಮೆರಿಕದ ವಿನ್ಯಾಸಕಾರ ಅಜಾ ರಾಸ್ಕಿನ್ ರೂಪಿಸಿದ ಕೊನೆಯಿಲ್ಲದ ಸ್ಕ್ರೋಲ್ ಆ ನಿಲುಗಡೆಯನ್ನು ಅಳಿಸಿತು. ಮುಂದೆ ಆತನೇ ಅದಕ್ಕೆ ಪಶ್ಚಾತ್ತಾಪಪಟ್ಟ. ಹದಿನೈದು ವರ್ಷದ ಹುಡುಗನಿಗೆ ಸಂಯಮವಿಲ್ಲ ಎನ್ನುವಾಗ ಈ ಅಸಮ ಹೋರಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾಲೆ ಕಟ್ಟಿದವರಿಗೆ ಜಪ ಮಾಡುವವನು ನಿಲ್ಲಬೇಕೆಂಬ ಕಾಳಜಿಯಿತ್ತು, ತೆರೆ ಕಟ್ಟಿದವರಿಗೆ ಅವನು ನಿಲ್ಲದಿದ್ದರೆ ಲಾಭ.

ಕತ್ತಿನ ವ್ಯಾಯಾಮವನ್ನು ಕಳೆದುಹೋದ ಮೇರುಮಣಿಯ ಜಾಗದಲ್ಲಿಟ್ಟು ನೋಡಿದಾಗ ಅದರ ಬೆಲೆ ತಿಳಿಯುತ್ತದೆ. ಮುಖ್ಯವಾದದ್ದು ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳುವುದು. ಬೆನ್ನು ನೆಟ್ಟಗೆ ಮಾಡಿ ಕೂತು, ನೇರ ಮುಂದೆ ನೋಡುತ್ತ, ತಲೆಯನ್ನು ಮೇಲಕ್ಕೂ ಎತ್ತದೆ ಕೆಳಕ್ಕೂ ಬಗ್ಗಿಸದೆ, ಮೇಜಿನ ಖಾನೆಯನ್ನು ಒಳಕ್ಕೆ ತಳ್ಳಿದ ಹಾಗೆ ಗದ್ದವನ್ನು ಸೀದಾ ಹಿಂದಕ್ಕೆ ಸರಿಸಬೇಕು. ಗದ್ದದ ಕೆಳಗೆ ಇನ್ನೊಂದು ಗದ್ದ ಮೂಡಿದಂತೆ ಕಂಡರೆ ಸರಿಯಾಗಿದೆ ಎಂದರ್ಥ. ಹುಡುಗಿಯರು ಇದನ್ನು ಕನ್ನಡಿಯ ಮುಂದೆ ಮಾಡಲು ಒಪ್ಪದಿರುವುದಕ್ಕೆ ಕಾರಣವೂ ಅದೇ. ಐದು ಎಣಿಸುವಷ್ಟು ಹೊತ್ತು ಹಿಡಿದು ಬಿಡುವುದು, ಹತ್ತು ಸಲ. ಎರಡನೆಯದು ಮಲಗಿ ಮಾಡುವಂಥದ್ದು. ಅಂಗಾತ ಮಲಗಿ, ತಲೆ ಎತ್ತದೆ, ಹೌದೆನ್ನುವ ಹಾಗೆ ಮೆಲ್ಲಗೆ ಗದ್ದ ಇಳಿಸಿ ಹತ್ತು ಎಣಿಸುವವರೆಗೆ ಇರಬೇಕು. ಕತ್ತಿನ ಮುಂಬದಿಯಲ್ಲಿ ಆಳದಲ್ಲಿರುವ ಸಣ್ಣ ಸ್ನಾಯುಗಳಿಗೆ ಇದರಿಂದ ಬಲ ಬರುತ್ತದೆ. ಹೆಗಲ ಹಲಗೆಗಳನ್ನು ಹಿಂದೆ ಒಂದಕ್ಕೊಂದು ಹತ್ತಿರ ತರುವುದು, ಕಿವಿಯನ್ನು ಹೆಗಲ ಕಡೆ ವಾಲಿಸಿ ಇಪ್ಪತ್ತು ಸೆಕೆಂಡು ಇರುವುದು, ಬಾಗಿಲ ಚೌಕಟ್ಟಿಗೆ ಮೊಣಕೈ ಕೊಟ್ಟು ಎದೆ ಹಿಗ್ಗಿಸುವುದು ಇವೆಲ್ಲ ಜೊತೆಗೆ. ತಲೆಯನ್ನು ಗರಗರ ಸುತ್ತಿಸುವುದು, ಕ್ಷೌರದಂಗಡಿಯಲ್ಲಿ ಮಾಡುವ ಹಾಗೆ ಲಟಕ್ಕನೆ ತಿರುಚುವುದು ಬೇಡ.

ಇಂಥ ವ್ಯಾಯಾಮದಿಂದ ಗುಣವಾಗುತ್ತದೆಯೇ ಎಂಬುದಕ್ಕೆ ಒಳ್ಳೆಯ ಪ್ರಯೋಗವೊಂದು ಆಸ್ಟ್ರೇಲಿಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾಯಿತು. ಕತ್ತಿನಿಂದ ಬರುವ ತಲೆನೋವಿದ್ದ 200 ಮಂದಿಯಲ್ಲಿ ಆರು ವಾರ ವ್ಯಾಯಾಮ ಮಾಡಿದವರ ನೋವು ತಗ್ಗಿತು, ವರ್ಷದ ನಂತರವೂ ಆ ಗುಣ ಉಳಿದಿತ್ತು. ಅವರೆಲ್ಲ ವಯಸ್ಕರು. ಮಕ್ಕಳಿಗೂ ಅದೇ ಫಲ ಎಂದು ನೇರವಾಗಿ ಇಳಿಸಿಕೊಳ್ಳಲಾಗದು. ಮಕ್ಕಳ ತಲೆನೋವೆಲ್ಲ ಕತ್ತಿನದೂ ಅಲ್ಲ. ಅರೆತಲೆನೋವು, ಕಣ್ಣಿನ ಪವರ್, ಪರೀಕ್ಷೆಯ ಭಯ ಹೀಗೆ ಬೇರೆ ಹೇತುಗಳಿವೆ. ಇದ್ದಕ್ಕಿದ್ದಂತೆ ಸಿಡಿಲಿನಂತೆ ಬಂದ ನೋವು, ಜ್ವರದ ಜೊತೆ ಕತ್ತು ಸೆಟೆದುಕೊಳ್ಳುವುದು, ಬೆಳಗಿನ ವಾಂತಿ, ಕೈ ಜೋಮು ಹಿಡಿಯುವುದು, ಎರಡೆರಡಾಗಿ ಕಾಣುವುದು, ಪೆಟ್ಟು ಬಿದ್ದ ಮೇಲೆ ಬಂದ ನೋವು ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮದ ಮಾತು ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಬಿಡಲಾಗದಷ್ಟು ಮೊಬೈಲ್ ಹಿಡಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ 'ಶಟ್' ಎಂಬ ಪ್ರತ್ಯೇಕ ಕ್ಲಿನಿಕ್ ನಡೆಸುತ್ತಿದೆ.

ಗದ್ದ ಹಿಂದಕ್ಕೆಳೆಯುವ ಈ ಭಂಗಿ ಬೈಲಕುಪ್ಪೆಯ ಧ್ಯಾನಮಂದಿರಗಳಲ್ಲಿ ಕೂರುವವರಿಗೆ ಅಪರಿಚಿತವಲ್ಲ. ವೈರೋಚನನ ಏಳು ಅಂಗದ ಆಸನವೆಂದು ಟಿಬೆಟಿ ಪರಂಪರೆ ಕಲಿಸುವ ಕ್ರಮದಲ್ಲಿ ಕಾಲು, ಕೈ, ನೆಟ್ಟಗಿನ ಬೆನ್ನು, ಹದ್ದಿನ ರೆಕ್ಕೆಯಂತೆ ಹರಡಿದ ಹೆಗಲು, ಅಂಗುಳಕ್ಕೆ ತಾಗಿದ ನಾಲಗೆ, ಮೂಗಿನ ತುದಿಯ ನೇರಕ್ಕೆ ಇಳಿದ ನೋಟ, ಇವುಗಳ ಜೊತೆ ಕತ್ತು ತುಸುವೇ ಒಳಬಾಗಿ ಗದ್ದ ಒಳಕ್ಕೆ ಸರಿದಿರಬೇಕು. ಭಗವದ್ಗೀತೆಯ ಆರನೆಯ ಅಧ್ಯಾಯವೂ ಶ್ವೇತಾಶ್ವತರ ಉಪನಿಷತ್ತೂ ಕತ್ತು, ತಲೆ, ಮೈ ಒಂದೇ ನೇರದಲ್ಲಿರಲಿ ಎನ್ನುತ್ತವೆ. ಶ್ರವಣಬೆಳಗೊಳದ ಗೊಮ್ಮಟ ನಿಂತಿರುವುದೂ ಹಾಗೆಯೇ. ಹಠಯೋಗದ ಜಾಲಂಧರ ಬಂಧದಲ್ಲಿ ಗದ್ದ ಎದೆಗೆ ಒತ್ತುವಷ್ಟು ಕತ್ತು ಬಾಗುತ್ತದೆ, ಆದರೆ ಉಸಿರು ಹಿಡಿದಷ್ಟು ಹೊತ್ತು ಮಾತ್ರ. ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕೃಷ್ಣಮಾಚಾರ್ಯರು ಇಂಥವನ್ನು ಹುಡುಗರಿಗೇ ಕಲಿಸುತ್ತಿದ್ದರು. ಅವರ 'ಯೋಗ ಮಕರಂದ' 1934ರಲ್ಲಿ ಬಂದದ್ದು ಕನ್ನಡದಲ್ಲಿ.

ಈ ಹೋಲಿಕೆಯನ್ನು ಹೆಚ್ಚು ಎಳೆದರೆ ತಪ್ಪಾಗುತ್ತದೆ. ಧ್ಯಾನದ ಆಸನ ಇರುವುದು ತಲೆನೋವಿಗಲ್ಲ, ಸಾಷ್ಟಾಂಗ ನಮಸ್ಕಾರ ಸ್ನಾಯುಗಳ ಕಸರತ್ತಲ್ಲ. ಧರ್ಮದ ಪ್ರತಿಯೊಂದು ಕ್ರಿಯೆಗೂ ಆರೋಗ್ಯದ ಲಾಭ ಹುಡುಕಿ ಸಮರ್ಥಿಸುವ ಈಚಿನ ಚಟ ಧರ್ಮವನ್ನೂ ಕುಗ್ಗಿಸುತ್ತದೆ, ವೈದ್ಯವನ್ನೂ ಕೆಡಿಸುತ್ತದೆ. ಪ್ರಶ್ನೆಯನ್ನು ತಿರುವಿ ಕೇಳುವುದು ಲೇಸು: ಬರೀ ನೋವು ಕಳೆಯಲೆಂದು ಮಾಡುವ ಗದ್ದದ ವ್ಯಾಯಾಮಕ್ಕೆ ಸಾಧನೆಯ ಗುಣ ಬರಲು ಸಾಧ್ಯವೇ? ಶಾಂತಿದೇವ ಅದೇ ಅಧ್ಯಾಯದಲ್ಲಿ ದೇಹವನ್ನು ಕೂಲಿಯಾಳಿಗೂ ದೋಣಿಗೂ ಹೋಲಿಸುತ್ತಾನೆ. ಕೂಲಿಯಾಳಿಗೆ ಕೂಲಿ ಕೊಟ್ಟು ಕೆಲಸ ಮಾಡಿಸಿಕೊಳ್ಳಬೇಕು. ದೋಣಿ ಹೋಗಿ ಬರಲು ಇರುವಂಥದ್ದು, ಅದನ್ನು ಪೂಜಿಸಬೇಕಾಗಿಲ್ಲ, ತೂತು ಬಿಡುವಂತೆಯೂ ಇಲ್ಲ. ಅವನ ಮಾತಿನ ಧಾಟಿ ದೇಹದ ವಿಷಯದಲ್ಲಿ ಬಹಳ ಕಟು. ಆ ಕಟುತನದಲ್ಲೂ ಕೂಲಿ ಕೊಡದೆ ದುಡಿಸಿಕೊಳ್ಳಲು ಅವನು ಒಪ್ಪುವುದಿಲ್ಲ. ದಿನಕ್ಕೆ ಆರು ಗಂಟೆ ಕತ್ತನ್ನು ದುಡಿಸಿಕೊಂಡವರು ಹತ್ತು ನಿಮಿಷದ ಕೂಲಿ ಕೊಡಬೇಕಾದದ್ದು ಈ ನ್ಯಾಯದಿಂದ.

ಅತಿಯಾಗಿ ಬಿಗಿಯುವ ಅಪಾಯವೂ ಇದೆ. ಸೋಣನೆಂಬ ಭಿಕ್ಷು ಕಾಲಲ್ಲಿ ರಕ್ತ ಬರುವ ತನಕ ನಡೆದು ಸಾಧನೆ ಮಾಡಿ ಸೋತಾಗ, ಬುದ್ಧ ಅವನು ಹಿಂದೆ ನುಡಿಸುತ್ತಿದ್ದ ವೀಣೆಯನ್ನು ನೆನಪಿಸಿದ. ತಂತಿ ಬಿಗಿಯಾದರೂ ಸಡಿಲವಾದರೂ ನಾದ ಹುಟ್ಟದು. ಭಾರತ ಸರ್ಕಾರ 2010ರಲ್ಲಿ ಮಾನ್ಯ ಮಾಡಿದ ಸೋವಾ ರಿಗ್ಪಾ ಎಂಬ ಟಿಬೆಟಿ ವೈದ್ಯಪದ್ಧತಿಯಲ್ಲಿ ಲುಂಗ್ ಎಂಬ ವಾತದ ಕೆದರುವಿಕೆಗೆ ಮನಸ್ಸಿನ ಒತ್ತಡ ಒಂದು ಮುಖ್ಯ ಕಾರಣ. ಹಟಹಿಡಿದು ಧ್ಯಾನಕ್ಕೆ ಕೂತವರಿಗೂ ಅದು ಬರುತ್ತದೆ ಎಂದು ಭಿಕ್ಷುಗಳಿಗೇ ಎಚ್ಚರಿಕೆ ಹೇಳುತ್ತಾರೆ. ಮಗುವಿನ ಬೆನ್ನ ಹಿಂದೆ ನಿಂತು ನೆಟ್ಟಗೆ ಕೂರು, ನೆಟ್ಟಗೆ ಕೂರು ಎಂದು ದಿನವಿಡೀ ಗದರುವ ಮನೆಗಳಲ್ಲಿ ಕತ್ತು ನೆಟ್ಟಗಾಗುವ ಬದಲು ಹೆಗಲು ಕಿವಿಯ ತನಕ ಏರುತ್ತದೆ, ಅದೂ ತಲೆನೋವಿನ ದಾರಿಯೇ. ಅಪ್ಪ ತನ್ನ ಮೊಬೈಲಿನಿಂದ ತಲೆಯೆತ್ತದೆಯೇ ಆ ಮಾತು ಹೇಳಿದರೆ ಕೇಳುವವರೂ ಕಡಮೆ.

ವ್ಯಾಯಾಮಗಳ ಪಟ್ಟಿಯಲ್ಲಿ ಕೊನೆಗೆ ಬರುವುದು ಕತ್ತನ್ನು ತಿರುಗಿಸುವುದು. ಗದ್ದವನ್ನು ತುಸು ಒಳಗಿಟ್ಟು, ಬಲ ಹೆಗಲಿನಾಚೆಗೆ ನೋಟ ಹೋಗುವಷ್ಟು ಮೆಲ್ಲಗೆ ತಿರುಗಿ, ಎರಡು ಉಸಿರಿನಷ್ಟು ನಿಂತು, ನಡುವಿಗೆ ಬಂದು, ಎಡಕ್ಕೆ. ಇದಕ್ಕೆ ಚಾಪೆ ಬೇಡ, ಜಾಗ ಬೇಡ, ಹೊತ್ತೂ ಗೊತ್ತಾಗುವುದಿಲ್ಲ. ನಮ್‌ದ್ರೋಲಿಂಗ್‌ನಲ್ಲಿ ಸಂಜೆ ಪ್ರದಕ್ಷಿಣೆ ಹಾಕುವವರು ಸಾಲಾಗಿ ನಿಲ್ಲಿಸಿದ ಮಣಿಚಕ್ರಗಳನ್ನು ಬಲಗೈಯಿಂದ ತಿರುಗಿಸುತ್ತ ನಡೆಯುತ್ತಾರೆ. ಸಾಲು ಮುಗಿದ ಕಡೆ ಮುದುಕರು ಒಂದು ಗಳಿಗೆ ನಿಂತು ಉಸಿರು ತಿರುಗಿಸಿಕೊಳ್ಳುತ್ತಾರೆ. ನಿಂತವರು ಹಿಂದಕ್ಕೆ ತಿರುಗಿ, ತಾವು ತಿರುಗಿಸಿ ಬಂದ ಚಕ್ರಗಳಲ್ಲಿ ಯಾವುದು ಇನ್ನೂ ಸುತ್ತುತ್ತಿದೆ ಎಂದು ನೋಡುತ್ತಾರೆ. ಹಿಂದೆ ಬರುತ್ತಿರುವವರ ಪರಿಚಯವಿದ್ದರೆ ತಾಶಿ ದೆಲೆ ಎನ್ನುತ್ತಾರೆ, ಮತ್ತೆ ಮುಂದಿನ ಸಾಲಿಗೆ ಕೈ ಹಾಕುತ್ತಾರೆ.